ನೋವಿಗೆ ಸಾಕ್ಷಿ ಕೇಳದ ಮನೆ

(ಉಪನ್ಯಾಸದ ಪಠ್ಯ)



ಹಳೆಯ ದೆಹಲಿಯ ಚಾಂದನಿ ಚೌಕದಲ್ಲಿ, ಕೆಂಪುಕೋಟೆಗೆ ಎದುರಾಗಿ, ದಿಗಂಬರ ಜೈನ ಲಾಲ್ ಮಂದಿರವಿದೆ. ಅದರ ಆವರಣದೊಳಗೆ ಹಕ್ಕಿಗಳ ಧರ್ಮಾರ್ಥ ಆಸ್ಪತ್ರೆಯೊಂದು ಹಲವು ದಶಕಗಳಿಂದ ನಡೆದುಬಂದಿದೆ. ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಪಾರಿವಾಳ, ಬಿಸಿಲಿಗೆ ಬಸವಳಿದು ಬಿದ್ದ ಗಿಳಿ, ಕಾಲು ಮುರಿದ ಗುಬ್ಬಿ ಇವಕ್ಕೆಲ್ಲ ಅಲ್ಲಿ ಹಣವಿಲ್ಲದೆ ಶುಶ್ರೂಷೆ ದೊರೆಯುತ್ತದೆ. ಹಕ್ಕಿಗೆ ಮಾತು ಬಾರದು. ಎಲ್ಲಿ ನೋಯುತ್ತಿದೆ, ಎಂದಿನಿಂದ ನೋಯುತ್ತಿದೆ ಎಂದು ಅದು ಹೇಳಲಾರದು. ಆದರೂ ಅದನ್ನು ಕೈಯಲ್ಲಿ ಹಿಡಿದು ತಂದವರು ಮೊದಲು ಅದರ ನೋವನ್ನು ನಂಬಿದರು. ಚಿಕಿತ್ಸೆಯ ಮಾತು ಆಮೇಲೆ ಬಂತು.

ಅದೇ ನಗರದ ದ್ವಾರಕಾದಲ್ಲಿ, ಮಯೂರ ವಿಹಾರದಲ್ಲಿ, ನೋಯ್ಡಾ ಮತ್ತು ಗುರುಗ್ರಾಮಗಳ ವಸತಿ ಸಮುಚ್ಚಯಗಳಲ್ಲಿ ಎಷ್ಟೋ ಕನ್ನಡ ಜೈನ ಕುಟುಂಬಗಳು ನೆಲೆಸಿವೆ. ಆ ಮನೆಗಳ ಹೆಣ್ಣುಮಕ್ಕಳಿಗೆ ಮಾತು ಬರುತ್ತದೆ. ಎಲ್ಲಿ ನೋವು, ಎಷ್ಟು ನೋವು ಎಂದು ಅವರು ಹೇಳಬಲ್ಲರು, ಹೇಳಿಯೂ ಇದ್ದಾರೆ. ಹೇಳಿದಾಗ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ‘ಹೆಣ್ಣೆಂದ ಮೇಲೆ ಇದೆಲ್ಲ ಇದ್ದದ್ದೇ, ಮದುವೆಯಾದರೆ ಸರಿಹೋಗುತ್ತದೆ.’ ಮದುವೆಯಾದ ಮೇಲೆ ಅದೇ ಮಾತು ‘ಒಂದು ಮಗುವಾದರೆ ಸರಿಹೋಗುತ್ತದೆ’ ಎಂದು ಮುಂದಿನ ಮನೆಗೆ ಸಾಗುತ್ತದೆ. ಹೀಗೆ ಮುಂದೂಡಲ್ಪಡುವ ನೋವುಗಳಲ್ಲಿ ಒಂದಕ್ಕೆ ವೈದ್ಯಶಾಸ್ತ್ರವು ಎಂಡೊಮೆಟ್ರಿಯೋಸಿಸ್ ಎಂದು ಹೆಸರಿಟ್ಟಿದೆ. ಆ ರೋಗದೊಡನೆ ಬಾಳುವುದು ಹೇಗೆ, ಬಾಳುವವಳಿಗೆ ಆಸರೆ ಎಲ್ಲಿಂದ ಬರಬೇಕು ಎಂಬುದು ಈ ಉಪನ್ಯಾಸದ ವಿಷಯ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ ಬೆಳೆಯುವುದೇ ಈ ರೋಗ. ಅಂಡಾಶಯ, ಅಂಡನಾಳ, ಹೊಟ್ಟೆಯ ಒಳಗೋಡೆಯ ಪೊರೆ, ಕರುಳು, ಮೂತ್ರಕೋಶ ಇವುಗಳ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಅಪರೂಪಕ್ಕೆ ಎದೆ ಮತ್ತು ಹೊಟ್ಟೆಗಳ ನಡುವಿನ ವಪೆಯವರೆಗೂ ಹೋಗುತ್ತದೆ. ತಿಂಗಳ ಹಾರ್ಮೋನುಗಳ ಏರಿಳಿತಕ್ಕೆ ಗರ್ಭಕೋಶದ ಒಳಪದರ ಸ್ಪಂದಿಸುವಂತೆ ಈ ಅಂಗಾಂಶವೂ ಸ್ಪಂದಿಸುತ್ತದೆ. ಸುತ್ತಲೂ ಉರಿಯೂತವಾಗುತ್ತದೆ, ಗಾಯದ ಕಲೆಯಂತಹ ಅಂಟು ಬೆಳೆಯುತ್ತದೆ, ಬಿಡಿಬಿಡಿಯಾಗಿರಬೇಕಾದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲಗಳಾದರೆ ಅವನ್ನು ವೈದ್ಯರು ಚಾಕಲೇಟ್ ಸಿಸ್ಟ್ ಎನ್ನುತ್ತಾರೆ.

ಇದು ಇತ್ತೀಚಿನ ಜೀವನಶೈಲಿ ತಂದ ರೋಗವೆಂಬ ಮಾತು ಸರಿಯಲ್ಲ. ವಿಯೆನ್ನಾದ ಕಾರ್ಲ್ ಫಾನ್ ರೊಕಿಟಾನ್ಸ್ಕಿ ಎಂಬ ವೈದ್ಯರು 1860ರಲ್ಲಿಯೇ ಇಂತಹ ಬೆಳವಣಿಗೆಯನ್ನು ವರ್ಣಿಸಿದ್ದರು. ಮುಟ್ಟಿನ ರಕ್ತದ ಒಂದು ಭಾಗ ಅಂಡನಾಳದ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿದು ಅಲ್ಲಿ ನೆಲೆಯೂರುತ್ತದೆ ಎಂಬ ಸಿದ್ಧಾಂತವನ್ನು ಅಮೆರಿಕದ ಜಾನ್ ಸ್ಯಾಂಪ್ಸನ್ 1927ರಲ್ಲಿ ಮುಂದಿಟ್ಟರು. ಅಂತಹ ಹಿಮ್ಮುಖ ಹರಿವು ಬಹಳಷ್ಟು ಹೆಂಗಸರಲ್ಲಿ ಇರುತ್ತದೆ, ರೋಗ ಮಾತ್ರ ಕೆಲವರಿಗೇ ಬರುತ್ತದೆ. ಆದುದರಿಂದ ವಂಶವಾಹಿ, ರೋಗನಿರೋಧಕ ವ್ಯವಸ್ಥೆ, ಹಾರ್ಮೋನು ಇವೆಲ್ಲದರ ಪಾತ್ರವನ್ನು ವಿಜ್ಞಾನಿಗಳು ಇಂದಿಗೂ ಶೋಧಿಸುತ್ತಿದ್ದಾರೆ. ಇಷ್ಟು ಮಾತ್ರ ನಿಶ್ಚಿತ: ಹುಡುಗಿ ತಡವಾಗಿ ಮಲಗಿದ್ದರಿಂದಲೋ, ಊರು ಬಿಟ್ಟು ದುಡಿಯಲು ಹೋದದ್ದರಿಂದಲೋ, ಮದುವೆ ಮುಂದೂಡಿದ್ದರಿಂದಲೋ ಅವಳಿಗೆ ಈ ರೋಗ ಶಿಕ್ಷೆಯಾಗಿ ಬಂದಿತೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನಶಕ್ತಿಯ ವಯಸ್ಸಿನ ಹೆಂಗಸರಲ್ಲಿ ಶೇಕಡಾ 10ರಷ್ಟು, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಮಂದಿ, ಈ ರೋಗವನ್ನು ಹೊತ್ತಿದ್ದಾರೆ. ಮೊದಲ ಲಕ್ಷಣ ಕಾಣಿಸಿಕೊಂಡಾಗಿನಿಂದ ರೋಗದ ಹೆಸರು ತಿಳಿಯುವವರೆಗೆ ಸರಾಸರಿ 4ರಿಂದ 12 ವರ್ಷಗಳು ಕಳೆಯುತ್ತವೆಂದು ಅದೇ ಸಂಸ್ಥೆ ಹೇಳಿದೆ. ಹದಿನಾರಕ್ಕೆ ನೋವು ಶುರುವಾದ ಹುಡುಗಿ ಇಪ್ಪತ್ತೈದು ದಾಟುವ ಹೊತ್ತಿಗೆ ಉತ್ತರ ಪಡೆಯುತ್ತಾಳೆ. ಶಾಲೆಯ ಕೊನೆಯ ವರ್ಷಗಳು, ಕಾಲೇಜು, ಮೊದಲ ನೌಕರಿ, ಮದುವೆಯ ಮಾತುಕತೆ ಎಲ್ಲವೂ ಆ ನಡುವಿನ ಕಾಲದಲ್ಲಿಯೇ ಬರುತ್ತವೆ.

ದೆಹಲಿಯಲ್ಲಿರುವ ಜಾರ್ಜ್ ಇನ್‌ಸ್ಟಿಟ್ಯೂಟ್ ಫಾರ್ ಗ್ಲೋಬಲ್ ಹೆಲ್ತ್ ಸಂಸ್ಥೆಯ ಸಂಶೋಧಕರು ದೆಹಲಿ ಮತ್ತು ಅಸ್ಸಾಮಿನಲ್ಲಿ ಈ ರೋಗವಿರುವ ಹೆಂಗಸರನ್ನೂ ಅವರ ಬಾಳಸಂಗಾತಿಗಳನ್ನೂ ಮಾತನಾಡಿಸಿ ಅಧ್ಯಯನವೊಂದನ್ನು ನಡೆಸಿದರು. ನೋವು ಸಹಜವೆಂದು ಸುತ್ತಲಿನವರು ಭಾವಿಸಿದ್ದು, ಅದರಿಂದ ಚಿಕಿತ್ಸೆ ತಡವಾದದ್ದು, ಕೆಲಸವೂ ಸಂಸಾರವೂ ಸೊರಗಿದ್ದು ಆ ಮಾತುಗಳಲ್ಲಿ ಹೊರಬಂದವು. ಗಂಡಂದಿರನ್ನು ಕೇಳಿದ್ದು ಆ ಅಧ್ಯಯನದ ವಿಶೇಷ. ಏಕೆಂದರೆ ರೋಗ ಒಬ್ಬಳ ದೇಹದಲ್ಲಿದ್ದರೂ ಅದರೊಡನೆ ಬಾಳುವುದು ಇಡೀ ಮನೆ.

ಲಕ್ಷಣಗಳನ್ನು ಮನೆಯ ಹಿರಿಯರು, ಮುಖ್ಯವಾಗಿ ತಾಯಂದಿರು, ತಿಳಿದಿರತಕ್ಕದ್ದು. ಮುಟ್ಟಿನ ಮೊದಲ ದಿನ ಸ್ವಲ್ಪ ಹೊಟ್ಟೆ ಹಿಂಡುವುದು ಬಹುಮಂದಿಗೆ ಉಂಟು. ಆದರೆ ಮಾತ್ರೆ ನುಂಗಿದರೂ ಏಳಲಾಗದ ನೋವು, ಪ್ರತಿ ತಿಂಗಳು ಶಾಲೆ ಅಥವಾ ಕಛೇರಿ ತಪ್ಪಿಸುವ ನೋವು, ಮುಟ್ಟಿನ ದಿನಗಳಲ್ಲಿ ಮಲಮೂತ್ರ ವಿಸರ್ಜನೆಯ ಹೊತ್ತಿಗೆ ಚುಚ್ಚುವ ನೋವು, ದಾಂಪತ್ಯದ ಸಮಾಗಮದಲ್ಲಿ ಆಗುವ ನೋವು, ಮುಟ್ಟು ನಿಂತ ಮೇಲೂ ಕೆಳಹೊಟ್ಟೆಯಲ್ಲಿ ಉಳಿಯುವ ನೋವು, ಹೊಟ್ಟೆಯುಬ್ಬರ, ನಿದ್ದೆ ಮಾಡಿದರೂ ಹೋಗದ ಆಯಾಸ ಇವು ವೈದ್ಯರ ಬಳಿಗೆ ಹೋಗಬೇಕೆಂಬ ಸೂಚನೆಗಳು. ನೋವಿನ ತೀವ್ರತೆಗೂ ರೋಗ ಹರಡಿರುವ ಪ್ರಮಾಣಕ್ಕೂ ನೇರ ಹೊಂದಾಣಿಕೆ ಇಲ್ಲವೆಂಬುದನ್ನೂ ನೆನಪಿಡಬೇಕು. ಸ್ಕ್ಯಾನಿನಲ್ಲಿ ಅಲ್ಪವೇ ಕಂಡಿತೆಂದು ನೋವನ್ನು ಅಲ್ಪವೆನ್ನಲಾಗದು.

ಕನ್ನಡಿಗರಿಗೆ ದೆಹಲಿಯಲ್ಲಿ ಇನ್ನೊಂದು ತೊಡಕಿದೆ, ಅದು ಭಾಷೆಯದು. ವೈದ್ಯರ ಮುಂದೆ ಕುಳಿತ ಹೆಣ್ಣುಮಗಳು ಕಲಿತ ಹಿಂದಿಯಲ್ಲಿ ‘ಪೇಟ್ ಮೇಂ ದರ್ದ್ ಹೈ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಪಕ್ಕದಲ್ಲಿ ಗಂಡನೋ ಮಾವನೋ ಕುಳಿತಿದ್ದರೆ ಅಷ್ಟೂ ಹೊರಬರುವುದಿಲ್ಲ. ಕನ್ನಡದಲ್ಲಾದರೋ ನೋವಿಗೆ ಎಷ್ಟೊಂದು ಮಾತುಗಳಿವೆ! ಹಿಂಡುತ್ತದೆ, ಕಿವುಚುತ್ತದೆ, ಚುಚ್ಚುತ್ತದೆ, ಸೆಳೆಯುತ್ತದೆ, ಉರಿಯುತ್ತದೆ, ಜಗ್ಗುತ್ತದೆ, ಸಿಡಿಯುತ್ತದೆ. ಅವಳು ತನ್ನ ನೋವನ್ನು ಕನ್ನಡದಲ್ಲಿಯೇ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಲಿ. ದಿನಾಂಕ, ನೋವಿನ ಜಾಗ, ನೋವಿನ ಬಗೆ, ಸೊನ್ನೆಯಿಂದ ಹತ್ತರೊಳಗೆ ಅದಕ್ಕೊಂದು ಅಂಕ, ರಕ್ತಸ್ರಾವ ಎಷ್ಟು, ನುಂಗಿದ ಮಾತ್ರೆ ಯಾವುದು, ಅದರಿಂದ ತಗ್ಗಿತೋ ಇಲ್ಲವೋ, ಆ ದಿನ ತಪ್ಪಿಹೋದ ಕೆಲಸ ಯಾವುದು ಎಂದು ಮೂರು ತಿಂಗಳು ಬರೆದರೆ ಸಾಕು. ಹಿಂದಿ ಅಥವಾ ಇಂಗ್ಲಿಷ್ ಚೆನ್ನಾಗಿ ಬಲ್ಲ ಸ್ನೇಹಿತೆಯೊಬ್ಬಳು ಅದನ್ನು ಒಂದು ಪುಟಕ್ಕೆ ಇಳಿಸಿಕೊಟ್ಟರೆ, ಐದು ನಿಮಿಷದ ಹೊರರೋಗಿ ಭೇಟಿಯಲ್ಲಿಯೂ ವೈದ್ಯರಿಗೆ ಮೂರು ತಿಂಗಳ ಚಿತ್ರ ಸಿಗುತ್ತದೆ.

ಪರೀಕ್ಷೆಯ ಕ್ರಮದಲ್ಲಿಯೂ ಬದಲಾವಣೆಯಾಗಿದೆ. ಹಿಂದೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೋಪಿಯೇ ರೋಗನಿರ್ಣಯದ ಕೊನೆಯ ಮಾತಾಗಿತ್ತು. ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘವಾದ ಎಶ್ರೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಆ ನಿಲುವನ್ನು ಬದಲಿಸಿತು. ಲಕ್ಷಣಗಳು, ದೇಹಪರೀಕ್ಷೆ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಇವುಗಳ ಆಧಾರದ ಮೇಲೆ ಔಷಧವನ್ನು ಆರಂಭಿಸಬಹುದು. ಚಿತ್ರಗಳಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧ ಫಲಿಸದಿದ್ದಾಗ ಲ್ಯಾಪರೊಸ್ಕೋಪಿಯನ್ನು ಯೋಚಿಸಬಹುದು. ಸಿಎ-125 ಎಂಬ ರಕ್ತಪರೀಕ್ಷೆಯನ್ನು ಈ ರೋಗದ ನಿರ್ಣಯಕ್ಕೆ ಬಳಸಬಾರದೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಅವಿವಾಹಿತ ಹುಡುಗಿಯರಿಗೆ ಯೋನಿಮಾರ್ಗದ ಸ್ಕ್ಯಾನ್ ಬಗ್ಗೆ ಸಂಕೋಚವಿದ್ದರೆ ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್ ಅಥವಾ ಎಂಆರ್‌ಐ ಉಂಟು. ಸಂಕೋಚದ ಕಾರಣಕ್ಕೆ ಪರೀಕ್ಷೆಯನ್ನೇ ಬಿಡಬೇಕಾಗಿಲ್ಲ. ಸ್ಕ್ಯಾನ್ ಸಹಜವಾಗಿದೆ ಎಂದರೆ ರೋಗವಿಲ್ಲವೆಂದೂ ಅರ್ಥವಲ್ಲ.

ಮಗುವಾದರೆ ಸರಿಹೋಗುತ್ತದೆ ಎಂಬ ಮಾತಿಗೂ ಆ ಮಾರ್ಗಸೂಚಿಯಲ್ಲಿ ಸ್ಪಷ್ಟ ಉತ್ತರವಿದೆ: ರೋಗದ ಚಿಕಿತ್ಸೆಯೆಂಬ ಒಂದೇ ಉದ್ದೇಶದಿಂದ ಗರ್ಭಧರಿಸಲು ಯಾರಿಗೂ ಸಲಹೆ ನೀಡಬಾರದು. ಮಗುವನ್ನು ಔಷಧವೆಂದು ಭಾವಿಸಿ ಹೆರುವುದು ತಾಯಿಗೂ ನ್ಯಾಯವಲ್ಲ, ಮಗುವಿಗೂ ನ್ಯಾಯವಲ್ಲ. ಈ ರೋಗವಿರುವ ಎಲ್ಲರಿಗೂ ಬಂಜೆತನ ಬರುವುದಿಲ್ಲ. ಕೆಲವರಿಗೆ ಗರ್ಭಧಾರಣೆ ಕಷ್ಟವಾಗುತ್ತದೆ, ಅವರಿಗೆ ನೆರವಿನ ದಾರಿಗಳಿವೆ. ಗರ್ಭಕೋಶ ತೆಗೆಸಿಬಿಟ್ಟರೆ ಮುಗಿಯಿತು ಎಂಬ ಅವಸರದ ಮಾತಿಗೂ ತಡೆ ಬೇಕು. ರೋಗ ಇರುವುದು ಗರ್ಭಕೋಶದ ಹೊರಗೆ. ಗರ್ಭಕೋಶ ಹೋದರೂ ನೋವು ಉಳಿಯಬಹುದು. ಅನಗತ್ಯವಾಗಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಳ ವಿರುದ್ಧದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕೆಂದು ಆದೇಶಿಸಿದ್ದು ಇಲ್ಲಿ ಸ್ಮರಣೀಯ.

ಸಂಪೂರ್ಣ ಗುಣಪಡಿಸುವ ಔಷಧ ಇಂದಿಗೂ ಇಲ್ಲ, ಹತೋಟಿಯಲ್ಲಿಡುವ ಔಷಧಗಳಿವೆ. ನೋವು ನಿವಾರಕಗಳು, ಪ್ರೊಜೆಸ್ಟೋಜೆನ್ ಗುಂಪಿನ ಡೈನೋಜೆಸ್ಟ್‌ನಂತಹ ಮಾತ್ರೆಗಳು, ಗರ್ಭನಿರೋಧಕ ಮಾತ್ರೆಗಳು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಅಗತ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮದಲ್ಲಿ ವೈದ್ಯರು ಆರಿಸಿಕೊಡುತ್ತಾರೆ. ಅವಿವಾಹಿತ ಮಗಳಿಗೆ ವೈದ್ಯರು ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರೆ ಮನೆ ಬೆಚ್ಚಿಬೀಳುತ್ತದೆ. ನೆರೆಯವರು ಕಂಡಾರೆಂದು ಚೀಟಿಯನ್ನೇ ಮಡಚಿಡುವವರಿದ್ದಾರೆ. ಅಲ್ಲಿ ಆ ಮಾತ್ರೆ ಮಾಡುವ ಕೆಲಸ ಹಾರ್ಮೋನಿನ ಏರಿಳಿತವನ್ನು ತಗ್ಗಿಸುವುದು. ಮಾತ್ರೆಯ ಹೆಸರಿಗೆ ಅಂಜಿ ಮಗಳನ್ನು ನೋವಿನಲ್ಲಿ ಬಿಡಬಾರದು. ಮನಸ್ಸು ಕುಗ್ಗುವುದು, ತಲೆನೋವು, ಹೊತ್ತಲ್ಲದ ಹೊತ್ತಿನ ರಕ್ತಸ್ರಾವ ಮೊದಲಾದ ಅಡ್ಡಪರಿಣಾಮಗಳು ಕಂಡರೆ ತಾನಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಅಂಗಡಿಯಿಂದ ತಾನೇ ಕೊಂಡು ವರ್ಷಗಟ್ಟಲೆ ನುಂಗುವ ಮಾತ್ರೆಯ ಬಗ್ಗೆಯೂ ಎಚ್ಚರ ಬೇಕು. ಮುಟ್ಟಿನ ನೋವಿಗೆ ಮನೆಮನೆಯಲ್ಲಿ ಬಳಕೆಯಲ್ಲಿರುವ ಮೆಫೆನಾಮಿಕ್ ಆಮ್ಲವು ಅಪರೂಪಕ್ಕೆ ತೀವ್ರವಾದ ಅಲರ್ಜಿಯನ್ನು ಉಂಟುಮಾಡಬಲ್ಲದೆಂದು ಗಾಜಿಯಾಬಾದಿನಲ್ಲಿರುವ ಭಾರತೀಯ ಔಷಧಕೋಶ ಆಯೋಗವು 2023ರ ಕೊನೆಯಲ್ಲಿ ಎಚ್ಚರಿಕೆ ಹೊರಡಿಸಿತು. ಮಾತ್ರೆಯೇ ಬೇಡವೆಂದು ಇದರ ಅರ್ಥವಲ್ಲ. ಮೈಮೇಲೆ ದದ್ದು, ಜ್ವರ ಕಂಡರೆ ಕೂಡಲೇ ವೈದ್ಯರನ್ನು ಕಾಣಬೇಕು, ತಿಂಗಳು ತಿಂಗಳೂ ಬೇಕಾಗುತ್ತಿದ್ದರೆ ಕಾರಣವನ್ನು ಹುಡುಕಬೇಕು.

ಇಲ್ಲಿ ಜೈನ ಮನೆಯ ಆಚಾರ ಈ ರೋಗವನ್ನು ಮುಟ್ಟುವ ಕೆಲವು ಕಡೆಗಳನ್ನು ಬಿಚ್ಚಿ ಹೇಳಬೇಕಾಗುತ್ತದೆ. ಮೊದಲನೆಯದು ಉಪವಾಸ. ದಶಲಕ್ಷಣ ಪರ್ವದಲ್ಲಿಯೋ ನೋಂಪಿಯ ದಿನದಲ್ಲಿಯೋ ಬರಿಹೊಟ್ಟೆಯಲ್ಲಿ ನೋವು ನಿವಾರಕ ನುಂಗಿದರೆ ಜಠರಕ್ಕೆ ಹಾನಿಯಾಗುತ್ತದೆ. ರಾತ್ರಿ ಭೋಜನ ಬಿಟ್ಟವರು ಮಾತ್ರೆಯ ವೇಳೆಯನ್ನು ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಹೊಂದಿಸಿಕೊಡುವಂತೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಬಹುದು. ಎರಡನೆಯದು ಔಷಧದ ಮೂಲ. ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಾಟಿನ್‌ನದು; ಮಾತ್ರೆಯ ರೂಪ ಅಥವಾ ಸಸ್ಯಮೂಲದ ಕವಚ ಇದೆಯೇ ಎಂದು ವಿಚಾರಿಸಬಹುದು. ಮದ್ಯ ಮಾಂಸ ಮಧುಗಳನ್ನು ಬಿಟ್ಟು ಕಲ್ಯಾಣಕಾರಕವೆಂಬ ವೈದ್ಯಗ್ರಂಥ ರಚಿಸಿದ ಉಗ್ರಾದಿತ್ಯಾಚಾರ್ಯರ ಪರಂಪರೆ ಈ ಸಮಾಜದ್ದು. ಆ ಆಚಾರ್ಯರು ಆಚಾರವನ್ನು ಕಾಯ್ದುಕೊಂಡೇ ಚಿಕಿತ್ಸೆಯ ದಾರಿ ಹುಡುಕಿದರು. ಆಚಾರದ ಹೆಸರಿನಲ್ಲಿ ಚಿಕಿತ್ಸೆಯನ್ನು ಕೈಬಿಡಲಿಲ್ಲ. ಮೂರನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. ಅತಿಯಾದ ಸ್ರಾವವಿರುವವಳ ಮನೆಯಲ್ಲಿ, ಚಾತುರ್ಮಾಸ್ಯದಲ್ಲಿ ಸೊಪ್ಪು ಬಿಟ್ಟಿದ್ದರೆ, ಕಡಲೆ, ಹುರುಳಿ, ಬೇಳೆಗಳಿಗೆ ನಿಂಬೆ ಅಥವಾ ನೆಲ್ಲಿಕಾಯಿಯ ಹುಳಿ ಸೇರಿಸಿ ಬಡಿಸುವುದು ಒಳ್ಳೆಯದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹಾಲು ಚಹಾಗಳೊಡನೆ ತೆಗೆದುಕೊಳ್ಳಬಾರದು.

ನಾಲ್ಕನೆಯದು ಹೆಚ್ಚು ಸೂಕ್ಷ್ಮವಾದದ್ದು, ಮುಟ್ಟಿನ ಆಚಾರ. ಊರಿನ ದೊಡ್ಡ ಮನೆಯಲ್ಲಿ ಹೊರಗಾದವಳಿಗೆ ಬೇರೆ ಕೋಣೆ ಇತ್ತು. ದೆಹಲಿಯ ಎರಡು ಕೋಣೆಯ ಮನೆಯಲ್ಲಿ ಅದು ಅಡುಗೆಮನೆಯ ಹೊಸ್ತಿಲಿಗೂ ದೇವರ ಗೂಡಿಗೂ ಕುಗ್ಗಿ ಉಳಿದಿದೆ. ಅವಳು ಮುಟ್ಟಾದ ದಿನ ಮನೆಯವರಿಗೆಲ್ಲ ತಿಳಿದಿರುತ್ತದೆ, ಮುಟ್ಟಿನ ನೋವು ಮಾತ್ರ ಯಾರಿಗೂ ತಿಳಿದಿರುವುದಿಲ್ಲ. ಈ ರೋಗವಿರುವವರಲ್ಲಿ ರಕ್ತಸ್ರಾವ ಮೂರು ನಾಲ್ಕು ದಿನಕ್ಕೆ ನಿಲ್ಲುವುದೆಂಬ ನಂಬಿಕೆ ಇಲ್ಲ. ಹಾರ್ಮೋನ್ ಮಾತ್ರೆಯ ಮೊದಲ ತಿಂಗಳುಗಳಲ್ಲಿ ಹನಿಹನಿಯಾಗಿ ವಾರಗಟ್ಟಲೆ ಹೋಗುವುದುಂಟು. ಆಗ ಹಳೆಯ ಲೆಕ್ಕದಲ್ಲಿ ನಡೆದರೆ ಆ ಹೆಣ್ಣುಮಗಳು ತಿಂಗಳ ಅರ್ಧ ಭಾಗ ಮನೆಯೊಳಗೇ ಪರಕೀಯಳಾಗುತ್ತಾಳೆ, ಪರ್ವದ ದಿನಗಳಲ್ಲಿ ಬಸದಿಯಿಂದ ದೂರ ಉಳಿಯುತ್ತಾಳೆ. ಕೆಲವರು ಆ ಮುಜುಗರಕ್ಕೆ ಅಂಜಿ ಮಾತ್ರೆಯನ್ನೇ ಬಿಡುತ್ತಾರೆ. ಸಂಪ್ರದಾಯವು ಆರೋಗ್ಯವಂತೆಯ ಮೂರು ದಿನಗಳನ್ನು ಕಂಡು ರೂಪಿಸಿದ ನಿಯಮವನ್ನು ರೋಗಿಯ ಹದಿನೈದು ದಿನಗಳ ಮೇಲೆ ಹೇರುವುದು ವಿವೇಕವೇ ಎಂದು ಹಿರಿಯರು ಯೋಚಿಸಬೇಕು. ತೀರ್ಮಾನವನ್ನು ಅವಳ ವಿವೇಚನೆಗೆ ಬಿಟ್ಟುಕೊಡುವುದು ಕನಿಷ್ಠ ಸೌಜನ್ಯ.

ಸಹನೆಯನ್ನು ಧರ್ಮವೆಂದು ಬೋಧಿಸುವವರು ಒಂದು ವಿವೇಚನೆಯನ್ನು ಮರೆಯುತ್ತಾರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪರೀಷಹಗಳ ಪಟ್ಟಿ ಇದೆ, ಅದರಲ್ಲಿ ರೋಗವೂ ಒಂದು. ಆದರೆ ಪರೀಷಹ ಜಯವು ಮುನಿಯು ತಾನಾಗಿ ಸ್ವೀಕರಿಸಿದ ಮಾರ್ಗ. ಹದಿನೇಳರ ಹುಡುಗಿ ಹಾಸಿಗೆಯಲ್ಲಿ ಹೊರಳುತ್ತಿರುವಾಗ ಬೇರೆಯವರು ಅವಳ ಪರವಾಗಿ ಆ ವ್ರತವನ್ನು ಕೈಗೊಳ್ಳಲಾಗದು. ಅದೇ ಅಧ್ಯಾಯವು ಆಂತರಿಕ ತಪಸ್ಸುಗಳ ಸಾಲಿನಲ್ಲಿ ವೈಯಾವೃತ್ತ್ಯವನ್ನು ಹೇಳುತ್ತದೆ, ಸೇವೆಗೆ ಅರ್ಹರಾದವರಲ್ಲಿ ರೋಗಿಯಾದ ಗ್ಲಾನನನ್ನೂ ಹೆಸರಿಸುತ್ತದೆ. ಅಲ್ಲಿ ಮುಖ್ಯವಾಗಿ ಮುನಿಸಂಘದ ಸೇವೆಯ ಮಾತೇ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವೈಯಾವೃತ್ತ್ಯವನ್ನು ಗೃಹಸ್ಥರ ಶಿಕ್ಷಾವ್ರತಗಳಲ್ಲಿ ಸೇರಿಸಿದೆ. ಔಷಧದಾನ, ಅಭಯದಾನಗಳು ಧರ್ಮಸ್ಥಳದ ಚತುರ್ವಿಧ ದಾನಗಳ ಮೂಲಕ ಕನ್ನಡ ನಾಡಿನ ಮಕ್ಕಳಿಗೂ ಪರಿಚಿತ. ಹಾಗಿರುವಾಗ ಮನೆಯಲ್ಲಿ ಒಬ್ಬಳು ನರಳುತ್ತಿದ್ದರೆ ತಪಸ್ಸಿನ ಕರೆ ಬಂದಿರುವುದು ಅವಳಿಗಲ್ಲ. ಅವಳ ಸುತ್ತ ಇರುವವರಿಗೆ.

ಇದು ಮನೆಯ ಮಾತಾಯಿತು. ಸರ್ಕಾರದ ಮಾತೂ ಇದೆ. ಭಾರತದಲ್ಲಿ ಮುಟ್ಟಿನ ರಜೆಯ ಚರ್ಚೆ ಹೊಸದಲ್ಲ. ಬಿಹಾರ ಸರ್ಕಾರ 1992ರಿಂದಲೇ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನದ ರಜೆ ಕೊಡುತ್ತಿದೆ. 2023ರ ಡಿಸೆಂಬರಿನಲ್ಲಿ ಅಂದಿನ ಕೇಂದ್ರ ಸಚಿವೆ ಸ್ಮೃತಿ ಇರಾನಿಯವರು ಮುಟ್ಟು ಅಂಗವೈಕಲ್ಯವಲ್ಲ ಎಂದು ರಾಜ್ಯಸಭೆಯಲ್ಲಿ ಹೇಳಿದರು. ತೀವ್ರ ನೋವು ಅನುಭವಿಸುವವರು ಸಣ್ಣ ಪ್ರಮಾಣದವರು ಎಂಬುದು ಆ ತಿಂಗಳ ಸರ್ಕಾರಿ ಉತ್ತರವೊಂದರ ಸಾರವಾಗಿತ್ತು. ಮುಟ್ಟು ವೈಕಲ್ಯವಲ್ಲ ಎಂಬುದು ನಿಜ. ಆದರೆ ಎಂಡೊಮೆಟ್ರಿಯೋಸಿಸ್ ಮುಟ್ಟಲ್ಲ, ರೋಗ. ಹತ್ತರಲ್ಲಿ ಒಬ್ಬಳೆಂಬ ಸಣ್ಣ ಪ್ರಮಾಣವನ್ನು ಭಾರತದ ಜನಸಂಖ್ಯೆಗೆ ಅನ್ವಯಿಸಿದರೆ ಕೋಟಿಗಳ ಲೆಕ್ಕ ಬರುತ್ತದೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು, ಕಡ್ಡಾಯ ರಜೆಯಿಂದ ಹೆಂಗಸರಿಗೆ ಕೆಲಸ ಕೊಡಲು ಮಾಲಿಕರು ಹಿಂಜರಿಯಬಹುದೆಂಬ ಆತಂಕ ವ್ಯಕ್ತಪಡಿಸಿ, ರಾಜ್ಯಗಳೊಡನೆ ಸಮಾಲೋಚಿಸಿ ಮಾದರಿ ನೀತಿ ರೂಪಿಸುವ ವಿಷಯವನ್ನು ಪರಿಶೀಲಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ಸರ್ಕಾರಿ ಮತ್ತು ಖಾಸಗಿ ವಲಯಗಳೆರಡಕ್ಕೂ ತಿಂಗಳಿಗೆ ಒಂದು ದಿನ ವೇತನಸಹಿತ ರಜೆಯ ನೀತಿಗೆ ಒಪ್ಪಿಗೆ ನೀಡಿತು.

ಆ ನೀತಿ ಕರ್ನಾಟಕದ ಗಡಿಯೊಳಗಿನದು. ದೆಹಲಿ ಸುತ್ತಣ ರಾಜಧಾನಿ ಪ್ರದೇಶದ ಬಾಳು ಬೇರೆ ಬಗೆಯದು. ನೋಯ್ಡಾ ಉತ್ತರ ಪ್ರದೇಶದಲ್ಲಿದೆ, ಗುರುಗ್ರಾಮ ಹರಿಯಾಣದಲ್ಲಿದೆ. ಒಬ್ಬಳೇ ಹೆಣ್ಣುಮಗಳು ನೋಯ್ಡಾದಲ್ಲಿ ವಾಸಿಸಿ, ಮೆಟ್ರೋದಲ್ಲಿ ಗುರುಗ್ರಾಮಕ್ಕೆ ಹೋಗಿ ದುಡಿದು, ಚಿಕಿತ್ಸೆಗೆ ದೆಹಲಿಗೆ ಬರುವುದುಂಟು. ಮೂರು ಸರ್ಕಾರಗಳ ನೆಲವನ್ನು ಅವಳು ದಿನವೂ ದಾಟುತ್ತಾಳೆ. ಅವಳ ನೋವನ್ನು ಎಣಿಸುವ ಒಂದು ನಿಯಮವೂ ಅವಳೊಡನೆ ಗಡಿ ದಾಟುವುದಿಲ್ಲ. ಗುರುಗ್ರಾಮದಲ್ಲಿ ಕೇಂದ್ರ ಕಛೇರಿಯಿರುವ ಜೊಮ್ಯಾಟೊ 2020ರ ಆಗಸ್ಟಿನಲ್ಲಿ ವರ್ಷಕ್ಕೆ ಹತ್ತು ದಿನಗಳವರೆಗೆ ಮುಟ್ಟಿನ ರಜೆ ಘೋಷಿಸಿತ್ತು. ಅಂತಹ ಔದಾರ್ಯ ಕಂಪನಿಯ ಇಚ್ಛೆಗೆ ಬಿಟ್ಟದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಗಳಲ್ಲಿ ಈ ರೋಗ ಇಲ್ಲ. ಆಸ್ಟ್ರೇಲಿಯಾ 2018ರಲ್ಲಿ, ಫ್ರಾನ್ಸ್ 2022ರಲ್ಲಿ ಈ ಒಂದು ರೋಗಕ್ಕಾಗಿಯೇ ರಾಷ್ಟ್ರೀಯ ಯೋಜನೆ ಪ್ರಕಟಿಸಿದವು. ಭಾರತಕ್ಕೂ ಅಂತಹದೊಂದು ಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ರಜೆಗಿಂತ ಮೊದಲು ಬೇಕಾದದ್ದು ಬೇಗ ಗುರುತಿಸುವ ವ್ಯವಸ್ಥೆ: ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಮುಟ್ಟಿನ ನೋವಿನ ಬಗ್ಗೆ ಒಂದು ಪ್ರಶ್ನೆ, ಪ್ರಾಥಮಿಕ ಕೇಂದ್ರದ ವೈದ್ಯರಿಗೆ ತರಬೇತಿ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಸ್ಪಷ್ಟ ದಾರಿ.

ದೊಡ್ಡ ಆಸ್ಪತ್ರೆಗಳ ಕೊರತೆ ದೆಹಲಿಗಿಲ್ಲ. ಅನ್ಸಾರಿ ನಗರದ ಏಮ್ಸ್, ಅದರ ಎದುರಿನ ಸಫ್ದರ್‌ಜಂಗ್ ಆಸ್ಪತ್ರೆ, ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು ಇವು ಸರ್ಕಾರದವು. ಏಮ್ಸ್‌ಗೆ ಅಂತರ್ಜಾಲದಲ್ಲಿ ಮುಂಗಡ ನೋಂದಣಿಯೂ ಉಂಟು. ಅಲ್ಲಿನ ಜನಸಂದಣಿ ನೋವಿನಲ್ಲಿರುವವಳಿಗೆ ಇನ್ನೊಂದು ಶಿಕ್ಷೆ. ಸಾಲಿನಲ್ಲಿ ನಿಲ್ಲಲು, ಕಡತ ಹಿಡಿಯಲು, ಹಿಂದಿಯಲ್ಲಿ ಮಾತನಾಡಲು ಜೊತೆಗೊಬ್ಬರಿದ್ದರೆ ಅರ್ಧ ಭಾರ ಇಳಿಯುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವವರು ವಿಮಾ ಪಾಲಿಸಿಯನ್ನು ಮೊದಲೇ ಓದಬೇಕು. ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳಿಗೆ ಹಲವು ಪಾಲಿಸಿಗಳಲ್ಲಿ ಕಾಯುವ ಅವಧಿ ಇದೆ. ಮೊದಲೇ ಇದ್ದ ರೋಗದ ಕಾಯುವ ಅವಧಿಯ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 48ರಿಂದ 36 ತಿಂಗಳಿಗೆ ಇಳಿಸಿದೆ. ಬಂಜೆತನದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಪಾಲಿಸಿಗಳು ಹೊರಗಿಡುತ್ತವೆ. ಆದುದರಿಂದ ನೋವಿಗಾಗಿ ಮಾಡುವ ಶಸ್ತ್ರಚಿಕಿತ್ಸೆಯ ನಿಜವಾದ ಕಾರಣ ಕಡತದಲ್ಲಿ ಸ್ಪಷ್ಟವಾಗಿ ಬರೆದಿರುವಂತೆ ನೋಡಿಕೊಳ್ಳಬೇಕು.

ದೀರ್ಘಕಾಲದ ನೋವು ಮನಸ್ಸನ್ನೂ ಕುಗ್ಗಿಸುತ್ತದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ದೆಹಲಿಯಲ್ಲಿ ಒಂಟಿಯಾಗಿ ಕೋಣೆ ಹಿಡಿದಿರುವ ಹುಡುಗಿ ಅರ್ಧರಾತ್ರಿಯಲ್ಲಿಯೂ ತಾಯಿನುಡಿಯಲ್ಲಿ ಮಾತನಾಡಲು ಇದೊಂದು ದಾರಿ.

ಕೊನೆಗೆ, ಹೊರನಾಡಿನ ಜೈನ ಕನ್ನಡ ಕುಟುಂಬಗಳು ತಾವೇ ಮಾಡಬಹುದಾದ ಕೆಲವು ಕೆಲಸಗಳಿವೆ. ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಿ, ಲೋಧಿ ಎಸ್ಟೇಟಿನ ಕನ್ನಡ ಶಾಲೆಯ ಆವರಣದಲ್ಲಿ, ಮಹಾವೀರ ಜಯಂತಿಯ ಸಭೆಗಳಲ್ಲಿ ಕನ್ನಡಿಗರು ಕೂಡುತ್ತಲೇ ಇರುತ್ತಾರೆ. ಅಂತಹ ಕೂಟವೊಂದರಲ್ಲಿ, ಆಸ್ಪತ್ರೆಗೆ ಜೊತೆಗೆ ಹೋಗಲು ಸಿದ್ಧರಿರುವ ನಾಲ್ಕು ಮಂದಿ ಹೆಂಗಸರ ಹೆಸರು ಮತ್ತು ಬಿಡುವಿನ ದಿನಗಳ ಪಟ್ಟಿಯನ್ನು ಮಾಡಬಹುದು. ವರ್ಷಕ್ಕೊಮ್ಮೆ ಸ್ತ್ರೀರೋಗ ತಜ್ಞರೊಬ್ಬರನ್ನು ಕರೆಸಿ, ಗಂಡಸರನ್ನೂ ಕೂರಿಸಿಕೊಂಡು ಪ್ರಶ್ನೋತ್ತರ ನಡೆಸಬಹುದು. ಮದುವೆಯ ಮಾತುಕತೆಯಲ್ಲಿ ಈ ರೋಗವನ್ನು ಮುಚ್ಚಿಡುವ ಒತ್ತಡವನ್ನು ಹೆಣ್ಣಿನ ಕಡೆಯವರು ಬಿಡಬೇಕು, ಅದನ್ನು ಕುಂದೆಂದು ಎಣಿಸುವುದನ್ನು ಗಂಡಿನ ಕಡೆಯವರು ಬಿಡಬೇಕು. ಮದುವೆಗೆ ಮುಂಚೆ ಇಬ್ಬರೂ ಒಂದು ಬಾರಿ ವೈದ್ಯರ ಬಳಿ ಕುಳಿತು ಮಾತನಾಡಿದರೆ ಮುಂದಿನ ಎಷ್ಟೋ ಕಹಿ ತಪ್ಪುತ್ತದೆ.

ಈ ಎಲ್ಲಕ್ಕೂ ಮೊದಲಿನ ಹೆಜ್ಜೆಗೆ ಹಣ ಬೇಡ, ಸಂಘ ಬೇಡ, ಕಾಯ್ದೆ ಬೇಡ. ಇಂದು ರಾತ್ರಿ ಊರಿನಿಂದ ಫೋನ್ ಮಾಡುವ ಅಮ್ಮ, ದೆಹಲಿಯಲ್ಲಿರುವ ಮಗಳನ್ನು ‘ಊಟ ಆಯಿತೇ’ ಎಂದು ಕೇಳಿದ ಮೇಲೆ ‘ತಿಂಗಳ ನೋವು ಹೇಗಿದೆ ಮಗಳೇ, ಈ ಸಲ ಎಷ್ಟು ದಿನ ಮಲಗಿದ್ದೆ’ ಎಂದು ಕೇಳಲಿ. ಕೇಳಿದ ಮೇಲೆ ಉತ್ತರವನ್ನು ನಡುವೆ ತಡೆಯದೆ ಕೊನೆಯವರೆಗೆ ಆಲಿಸಲಿ.

ಜೈ ಜಿನೇಂದ್ರ.